ಎಕರೆಗೆ ಎಷ್ಟು ಮನೆ? ಅಮೆರಿಕದ ಕೌಂಟಿಗಳಲ್ಲಿ ನಿವೇಶನದ ಅಳತೆ ಮತ್ತು ವಸತಿಯ ಸಾಂದ್ರತೆ

ಖಾಸಗಿ ಸ್ವತ್ತಿನ ಹಕ್ಕನ್ನು ಬಹು ಗಟ್ಟಿಯಾಗಿ ಪ್ರತಿಪಾದಿಸುವ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, ತನ್ನ ಹೆಸರಿನಲ್ಲಿಯೇ ಪತ್ರವಿರುವ ಹತ್ತೆಕರೆ ಜಮೀನಿನಲ್ಲಿ ಎರಡನೆಯ ಮನೆಯೊಂದನ್ನು ಕಟ್ಟಹೊರಟ ಯಜಮಾನನನ್ನು ಕೌಂಟಿಯ ಕಚೇರಿಯ ಗುಮಾಸ್ತನೊಬ್ಬನು ಒಂದು ಕೋಷ್ಟಕವನ್ನು ತೋರಿಸಿ ಹಿಂದಕ್ಕೆ ಕಳುಹಿಸಬಲ್ಲನೆಂಬುದು ಹೊರಗಿನಿಂದ ನೋಡುವವರಿಗೆ ವಿಚಿತ್ರವಾಗಿ ತೋರುವುದು ಸಹಜ. ಆ ಕೋಷ್ಟಕದಲ್ಲಿರುವುದು ಕೆಲವೇ ಅಂಕಿಗಳು: ಈ ವಲಯದಲ್ಲಿ ನಿವೇಶನವೊಂದಕ್ಕೆ ಇರತಕ್ಕ ಕನಿಷ್ಠ ವಿಸ್ತೀರ್ಣ, ಎಕರೆಗೆ ಕಟ್ಟಬಹುದಾದ ಮನೆಗಳ ಗರಿಷ್ಠ ಸಂಖ್ಯೆ, ರಸ್ತೆಯ ಕಡೆಯ ಅಗಲ, ಎಲ್ಲೆಯಿಂದ ಬಿಡಬೇಕಾದ ಜಾಗ. ನೋಡುವುದಕ್ಕೆ ನೀರಸವಾದ ಈ ಅಂಕಿಗಳೇ ಯಾವ ಊರಿನಲ್ಲಿ ಯಾರು ಬಾಳಬಹುದು, ಯಾರ ಮಕ್ಕಳು ಯಾವ ಶಾಲೆಗೆ ಹೋಗಬಹುದು, ಯಾವ ಹೊಲ ಇನ್ನೂ ಎಷ್ಟು ಕಾಲ ಹೊಲವಾಗಿ ಉಳಿಯಬಹುದು ಎಂಬುದನ್ನೆಲ್ಲ ನಿರ್ಣಯಿಸುತ್ತ ಬಂದಿವೆ. ಇವುಗಳ ಚರಿತ್ರೆಯನ್ನು ಅವಲೋಕಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಒಂದೇ ಅಂಕಿಯು ಒಂದೆಡೆ ಕುಡಿಯುವ ನೀರಿನ ರಕ್ಷಣೆಗೂ, ಇನ್ನೊಂದೆಡೆ ಬೇಸಾಯದ ರಕ್ಷಣೆಗೂ, ಮತ್ತೊಂದೆಡೆ ಬಡವರನ್ನು ದೂರವಿಡುವುದಕ್ಕೂ ಬಳಕೆಯಾಗಿದೆ, ಮತ್ತು ಈ ಮೂರರಲ್ಲಿ ತನ್ನ ಉದ್ದೇಶ ಯಾವುದೆಂಬುದನ್ನು ಅಂಕಿಯು ತಾನಾಗಿ ಹೇಳುವುದಿಲ್ಲ.

ಕೌಂಟಿಯೆಂಬುದು ನಮ್ಮ ಜಿಲ್ಲೆಗೆ ಸಮವೆಂದು ಭಾವಿಸುವುದು ವಾಡಿಕೆಯಾದರೂ ಸಾದೃಶ್ಯ ಅರ್ಧದಷ್ಟು ಮಾತ್ರ ಸರಿ. ಮೂರು ಸಾವಿರಕ್ಕೂ ಮಿಕ್ಕ ಕೌಂಟಿಗಳು ಆ ದೇಶದಲ್ಲಿವೆ. ಅವುಗಳನ್ನು ಆಳುವವನು ರಾಜಧಾನಿಯಿಂದ ಬಂದ ಅಧಿಕಾರಿಯಲ್ಲ, ಸ್ಥಳೀಯ ಮತದಾರರು ಆರಿಸಿದ ಒಂದು ಮಂಡಲಿ. ಆಸ್ತಿತೆರಿಗೆ ಅದರ ಮುಖ್ಯ ಆದಾಯ. ರಸ್ತೆ, ಪೊಲೀಸು, ಅನೇಕ ಕಡೆ ಶಾಲೆಗಳ ವೆಚ್ಚ, ಇವು ಅದರ ಹೊಣೆ. ಪುರಸಭೆಗಳ ಎಲ್ಲೆಯ ಹೊರಗಿನ ನೆಲದ ಮೇಲೆ ಯಾವ ಬಗೆಯ ಕಟ್ಟಡ ಏಳಬೇಕೆಂದು ವಿಧಿಸುವ ಅಧಿಕಾರವೂ ಬಹಳಷ್ಟು ರಾಜ್ಯಗಳಲ್ಲಿ ಅದರದೇ. ನ್ಯೂ ಇಂಗ್ಲೆಂಡಿನ ರಾಜ್ಯಗಳಲ್ಲಿ ಈ ಅಧಿಕಾರ ಕೌಂಟಿಗಲ್ಲ, ಊರಿಗೆ ಸೇರಿದೆ. ಟೆಕ್ಸಾಸ್ ರಾಜ್ಯವು ತನ್ನ ಕೌಂಟಿಗಳಿಗೆ ಸಾಮಾನ್ಯವಾಗಿ ಈ ಅಧಿಕಾರವನ್ನು ಕೊಟ್ಟೇ ಇಲ್ಲ. ಈ ವೈವಿಧ್ಯದ ದೆಸೆಯಿಂದ ಅಮೆರಿಕದ ನಿಯಮವೆಂದು ಒಂದನ್ನು ಎತ್ತಿ ತೋರಿಸುವುದು ಸಾಧ್ಯವಿಲ್ಲ. ಕೆಲವು ಕೌಂಟಿಗಳನ್ನು ಆರಿಸಿಕೊಂಡು ವಿಚಾರಮಾಡುವುದೇ ಮಾರ್ಗ.

ಅಂಕಿಗಳಿಗೂ ಒಂದು ವಂಶಾವಳಿ ಉಂಟು. ಹೊಸ ಗಣರಾಜ್ಯವು 1785ರಲ್ಲಿ ಹೊರಡಿಸಿದ ಭೂಶಾಸನವು ಪಶ್ಚಿಮದ ನೆಲವನ್ನೆಲ್ಲ ಆರು ಮೈಲಿ ಚದರದ ಪಟ್ಟಣಘಟಕಗಳಾಗಿಯೂ, ಪ್ರತಿಯೊಂದು ಘಟಕವನ್ನು ತಲಾ ಒಂದು ಚದರ ಮೈಲಿಯ, ಎಂದರೆ 640 ಎಕರೆಯ, 36 ಭಾಗಗಳಾಗಿಯೂ ಗೀಚಿಬಿಟ್ಟಿತು. ಬೆಟ್ಟವಿರಲಿ, ಹೊಳೆಯಿರಲಿ, ಮೂಲನಿವಾಸಿಗಳ ಬೇಟೆಯ ಕಾಡಿರಲಿ, ಗೆರೆ ನೇರವಾಗಿಯೇ ಹೋಯಿತು. ಭಾಗದ ಕಾಲುಭಾಗ 160 ಎಕರೆ. 1862ರ ವಸಾಹತು ಕಾನೂನು ಬೇಸಾಯಗಾರನಿಗೆ ಕೊಟ್ಟದ್ದು ಇಷ್ಟನ್ನೇ. ಅದರ ಕಾಲುಭಾಗ 40 ಎಕರೆ. ಇಂದಿಗೂ ಮಿನೆಸೋಟ ರಾಜ್ಯದ ಎಷ್ಟೋ ಕೌಂಟಿಗಳು ಬೇಸಾಯದ ವಲಯದಲ್ಲಿ ನಲವತ್ತು ಎಕರೆಗೊಂದು ಮನೆಯೆಂದು ವಿಧಿಸಿರುವುದಕ್ಕೆ ಮಣ್ಣಿನ ಗುಣವಾಗಲಿ ರೈತನ ಆದಾಯವಾಗಲಿ ಮೂಲಕಾರಣವಲ್ಲ. ಹದಿನೆಂಟನೆಯ ಶತಮಾನದ ಆ ಶಾಸನ ಗೊತ್ತುಮಾಡಿದ ಸರ್ವೆಯ ಗೆರೆ ಕಾರಣ. ಎಕರೆಗೆ ನಲವತ್ತು ಗುಂಟೆಯೆಂಬ ಲೆಕ್ಕದಲ್ಲಿ ಬೆಳೆದ ನಮಗೆ, ಎಕರೆಯೇ ಗುಂಟೆಯಂತೆ ಎಣಿಕೆಗೆ ಬರುವ ಆ ವಿಸ್ತಾರವನ್ನು ಮನಸ್ಸಿಗೆ ತಂದುಕೊಳ್ಳಲು ಸ್ವಲ್ಪ ಪ್ರಯತ್ನ ಬೇಕಾಗುತ್ತದೆ.

ವಲಯ ವಿಂಗಡಣೆಯು ನಗರದಲ್ಲಿ ಹುಟ್ಟಿದ್ದು. ನ್ಯೂಯಾರ್ಕ್ ನಗರವು 1916ರಲ್ಲಿ ಸಮಗ್ರ ನಿಯಮಾವಳಿಯೊಂದನ್ನು ಅಂಗೀಕರಿಸಿದ ಕಥೆಯನ್ನು ಎಲ್ಲ ಗ್ರಂಥಗಳೂ ಹೇಳುತ್ತವೆ. ಅದಕ್ಕಿಂತ ಆರು ವರ್ಷ ಮೊದಲು, 1910ರಲ್ಲಿ, ಬಾಲ್ಟಿಮೋರ್ ನಗರವು ಕರಿಯರು ಯಾವ ಬೀದಿಯಲ್ಲಿ, ಬಿಳಿಯರು ಯಾವ ಬೀದಿಯಲ್ಲಿ ವಾಸಿಸತಕ್ಕದ್ದೆಂದು ಕಾನೂನು ಮಾಡಿದ್ದನ್ನು ಅಷ್ಟು ಒತ್ತಿ ಹೇಳುವುದಿಲ್ಲ. ಅಂಥದೇ ಒಂದು ಕಾನೂನನ್ನು, ಲೂಯಿವಿಲ್ ನಗರದ್ದನ್ನು, ಸರ್ವೋಚ್ಚ ನ್ಯಾಯಾಲಯ 1917ರಲ್ಲಿ ಅಸಿಂಧುಗೊಳಿಸಿತು. ಮೈಬಣ್ಣವನ್ನು ಹೆಸರಿಸಿ ಗೆರೆ ಎಳೆಯುವುದಕ್ಕೆ ಅಲ್ಲಿಗೆ ಕಾನೂನಿನ ಆಧಾರ ತಪ್ಪಿತು. ಗೆರೆ ಎಳೆಯುವುದು ನಿಲ್ಲಲಿಲ್ಲ. ಹರ್ಬರ್ಟ್ ಹೂವರ್ ವಾಣಿಜ್ಯ ಸಚಿವರಾಗಿದ್ದಾಗ ಅವರ ಇಲಾಖೆ ಸಿದ್ಧಪಡಿಸಿದ ಮಾದರಿ ಶಾಸನವು ರಾಜ್ಯದಿಂದ ರಾಜ್ಯಕ್ಕೆ ಹರಡಿತು. 1926ರಲ್ಲಿ ಒಹಾಯೋ ರಾಜ್ಯದ ಕಯಾಹೋಗ ಕೌಂಟಿಯ ಯೂಕ್ಲಿಡ್ ಎಂಬ ಪುಟ್ಟ ಊರಿನ ವ್ಯಾಜ್ಯದಲ್ಲಿ, ಆಂಬ್ಲರ್ ಎಂಬ ಜಮೀನು ಸಂಸ್ಥೆಯ 68 ಎಕರೆಗೆ ಸಂಬಂಧಪಟ್ಟ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿ ಸದರ್ಲೆಂಡ್ ಅವರು ಬಹುಮತದ ಪರವಾಗಿ ವಲಯ ವಿಂಗಡಣೆಯನ್ನು ಎತ್ತಿಹಿಡಿದರು. ಆ ತೀರ್ಪು ಒಂಟಿಮನೆಗಳ ಬೀದಿಯಲ್ಲಿ ಎದ್ದುನಿಲ್ಲುವ ವಠಾರದಂಥ ಕಟ್ಟಡವನ್ನು ಪರೋಪಜೀವಿಗೆ ಹೋಲಿಸಿತು. ಅಪಾರ್ಟ್‌ಮೆಂಟ್ ಎಂಬುದು ಕಾರ್ಖಾನೆಯಂತೆಯೇ ನೆರೆಗೆ ಕೇಡು ತರುವಂಥದೆಂಬ ಭಾವನೆ ಅಮೆರಿಕದ ಕಾನೂನಿನೊಳಕ್ಕೆ ಪ್ರವೇಶಿಸಿದ್ದು ಹೀಗೆ; ಅದು ಪೂರ್ತಿಯಾಗಿ ಹೊರಬಿದ್ದಿದೆಯೆಂದು ಇಂದಿಗೂ ಹೇಳುವಂತಿಲ್ಲ.

ಆದರೆ ನಮ್ಮ ವಿಷಯ ನಗರವಲ್ಲ. ಹಳ್ಳಿಗಾಡಿನ ನೆಲಕ್ಕೆ ವಲಯ ನಿಯಮ ಕಾಲಿಟ್ಟದ್ದು ಸಂಪೂರ್ಣವಾಗಿ ಬೇರೆಯ ಕಾರಣದಿಂದ, ಮತ್ತು ಆ ಕಾರಣ ನನ್ನ ದೃಷ್ಟಿಯಲ್ಲಿ ನಗರದ ಕಾರಣಕ್ಕಿಂತ ಹೆಚ್ಚು ಗೌರವಾರ್ಹವಾದುದು. ವಿಸ್ಕಾನ್ಸಿನ್ ರಾಜ್ಯದ ಉತ್ತರಭಾಗದಲ್ಲಿದ್ದ ಪೈನ್ ಮರದ ಮಹಾರಣ್ಯವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಡಿದು ಸಾಗಿಸಿದ ಮೇಲೆ, ಮೋಟುಗಳಷ್ಟೇ ಉಳಿದ ನೆಲವನ್ನು ಮರದ ಸಂಸ್ಥೆಗಳೂ ಜಮೀನಿನ ದಳ್ಳಾಳಿಗಳೂ ಬೇಸಾಯಕ್ಕೆ ಯೋಗ್ಯವೆಂದು ಬಣ್ಣಿಸಿ ವಲಸೆಗಾರರಿಗೆ ಮಾರಿದರು. ಮರಳುಮಣ್ಣು, ಗಿಡ್ಡ ಬೇಸಗೆ, ಕಿತ್ತು ತೆಗೆಯಲಾರದ ಬೇರುಗಳು. ಬೆಳೆ ಕೈಗೆ ಬರಲಿಲ್ಲ, ತೆರಿಗೆ ಕಟ್ಟಲಾಗಲಿಲ್ಲ, ಬಾಕಿಗಾಗಿ ಸಾವಿರಾರು ಎಕರೆ ಕೌಂಟಿಯ ಪಾಲಿಗೇ ಬಂದಿತು. ಇಷ್ಟಾದರೂ ಅಲ್ಲೊಂದು ಇಲ್ಲೊಂದು ಸಂಸಾರ ಕಾಡಿನ ನಡುವೆ ಉಳಿದುಕೊಂಡೇ ಇದ್ದಿತು. ಆ ಒಂದು ಮನೆಗಾಗಿ ಕೌಂಟಿಯು ಹಿಮ ಸರಿಸಿ ರಸ್ತೆಯನ್ನು ತೆರೆದಿಡಬೇಕು, ಮಕ್ಕಳಿಗಾಗಿ ಶಾಲೆಯನ್ನು ನಡೆಸಬೇಕು. ತೆರಿಗೆಯೇ ಹುಟ್ಟದ ನೆಲದಲ್ಲಿ ವೆಚ್ಚ ಮಾತ್ರ ಹುಟ್ಟುತ್ತಿತ್ತು. 1929ರಲ್ಲಿ ರಾಜ್ಯವು ಕೌಂಟಿಗಳಿಗೆ ಬೇಸಾಯ, ಅರಣ್ಯ, ವಿಹಾರ ಇವುಗಳ ನೆಲೆಯನ್ನು ಗೊತ್ತುಪಡಿಸುವ ಅಧಿಕಾರ ಕೊಟ್ಟಿತು. 1933ರಲ್ಲಿ ಒನೈಡ ಕೌಂಟಿಯು ದೇಶದಲ್ಲಿಯೇ ಮೊದಲನೆಯದೆನ್ನಲಾದ ಗ್ರಾಮಾಂತರ ವಲಯ ನಿಯಮವನ್ನು ಅಂಗೀಕರಿಸಿತು. ಅದರ ಅರಣ್ಯ ವಲಯದಲ್ಲಿ ವರ್ಷವಿಡೀ ವಾಸಿಸುವ ಹೊಸ ಮನೆಗೆ ಎಡೆಯಿರಲಿಲ್ಲ. ಈಗಾಗಲೇ ಇದ್ದವರನ್ನು ಎಬ್ಬಿಸಲಿಲ್ಲ, ಹೊಸಬರು ಮತ್ತೆ ಅದೇ ಮೋಸಕ್ಕೆ ಬೀಳದಂತೆ ತಡೆಯಲಾಯಿತು. ನೆರೆಯ ಉತ್ತರ ಕೌಂಟಿಗಳು ಇದನ್ನು ಅನುಸರಿಸಿದವು. ಮನೆಗಳು ಚೆದುರಿದಷ್ಟೂ ಒಂದೊಂದು ಮನೆಗೆ ತಗಲುವ ಸಾರ್ವಜನಿಕ ವೆಚ್ಚ ಏರುತ್ತದೆಂಬ ಸತ್ಯವನ್ನು ಸಿದ್ಧಾಂತದಿಂದಲ್ಲ, ಬರಿದಾದ ಬೊಕ್ಕಸದಿಂದ ಕಲಿತವರು ಅವರು.

ಆ ಸತ್ಯ ತರುವಾಯದ ಕಾಲದಲ್ಲಿ ಹೇಗೆ ವಿಪರ್ಯಾಸವನ್ನು ಹೊಂದಿತೆಂಬುದನ್ನು ತಿಳಿಯಬೇಕಾದರೆ ಮೊದಲು ಲೆಕ್ಕವನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಎಕರೆಯೊಂದಕ್ಕೆ 43,560 ಚದರ ಅಡಿ. ನಿವೇಶನಕ್ಕೆ ಕನಿಷ್ಠ 5,000 ಚದರ ಅಡಿಯೆಂದರೆ ಎಕರೆಗೆ ಎಂಟು ಮನೆ ಮೀರಿ ಬರುತ್ತದೆಂದು ಕಾಗದದ ಮೇಲೆ ತೋರುತ್ತದೆ; ಆದರೆ ರಸ್ತೆ, ಚರಂಡಿ, ಮಳೆನೀರಿನ ಹೊಂಡ, ಕಡಿದಾದ ಇಳಿಜಾರು ಇವುಗಳನ್ನು ಕಳೆದರೆ ಆರಕ್ಕೆ ಇಳಿದರೂ ಇಳಿಯಬಹುದು. ಒಟ್ಟು ನೆಲದ ಮೇಲೆ ಹಾಕಿದ ಸಾಂದ್ರತೆ ಒಂದು, ಕಳೆದು ಉಳಿದ ನೆಲದ ಮೇಲೆ ಹಾಕಿದ್ದು ಇನ್ನೊಂದು. ಯಾವ ಲೆಕ್ಕ ಎಂಬುದನ್ನು ನಿಯಮ ಸ್ಪಷ್ಟಪಡಿಸದಿದ್ದರೆ ವಕೀಲರಿಗೆ ಸುಗ್ಗಿ. ಇದಕ್ಕಿಂತ ಮುಖ್ಯವಾದ ಭೇದವೊಂದಿದೆ. ನಿವೇಶನದ ಕನಿಷ್ಠ ವಿಸ್ತೀರ್ಣ ಬೇರೆ, ವಸತಿಯ ಸಾಂದ್ರತೆ ಬೇರೆ. ನೂರು ಎಕರೆಗೆ ಇಪ್ಪತ್ತು ಮನೆಯೆಂಬುದು ಸಾಂದ್ರತೆ. ಆ ಇಪ್ಪತ್ತು ಮನೆಗಳನ್ನು ಒಂದು ಮೂಲೆಯ ಹದಿನೈದು ಎಕರೆಯಲ್ಲಿ ಕೂಡಿಸಿ ಉಳಿದ ಎಂಬತ್ತೈದು ಎಕರೆಯನ್ನು ಉಳುಮೆಗೆ ಬಿಡಬಹುದು. ಪ್ರತಿಯೊಂದು ನಿವೇಶನವೂ ಐದು ಎಕರೆಗೆ ಕಡಮೆಯಿರಬಾರದೆಂದು ವಿಧಿಸಿದರೆ ಮನೆಗಳ ಸಂಖ್ಯೆ ಅದೇ ಇಪ್ಪತ್ತು, ಉಳಿಯುವ ಹೊಲ ಮಾತ್ರ ಸೊನ್ನೆ. ಈ ಎರಡನ್ನೂ ಒಂದೇ ಎಂದು ತಿಳಿದ ಕೌಂಟಿಗಳು ಹಸುರನ್ನು ಉಳಿಸಲು ಹೋಗಿ ಹಸುರನ್ನೇ ತುಂಡುಮಾಡಿದುವು.

ದೊಡ್ಡ ನಿವೇಶನಕ್ಕೆ ನ್ಯಾಯವಾದ ಕಾರಣವೇ ಇಲ್ಲವೆಂದು ಇದರ ಅರ್ಥವಲ್ಲ. ಒಳಚರಂಡಿಯ ಕೊಳವೆ ತಲಪದ ಕಡೆ ಪ್ರತಿಯೊಂದು ಮನೆಗೂ ತನ್ನದೇ ಬಾವಿ, ತನ್ನದೇ ಸೆಪ್ಟಿಕ್ ಟ್ಯಾಂಕು. ಟ್ಯಾಂಕಿನ ನೀರು ಹರಡಿ ಇಂಗುವ ನೆಲಕ್ಕೂ ಬಾವಿಗೂ ನಡುವೆ ಅಂತರವಿರಬೇಕು, ಸಾಮಾನ್ಯವಾಗಿ ನೂರು ಅಡಿ. ಗುಂಡಿ ತೋಡಿ ನೀರು ಸುರಿದು ಅದು ಇಂಗುವ ವೇಗವನ್ನು ಅಳೆದ ಮೇಲಲ್ಲದೆ ಆರೋಗ್ಯ ಇಲಾಖೆ ಅನುಮತಿ ಕೊಡುವುದಿಲ್ಲ. ಒಂದೆಕರೆ, ಎರಡೆಕರೆಯ ಕನಿಷ್ಠ ವಿಸ್ತೀರ್ಣಗಳು ಬಹುಮಟ್ಟಿಗೆ ಈ ಲೆಕ್ಕದಿಂದ ಹುಟ್ಟಿದವು, ಅವುಗಳನ್ನು ಆಕ್ಷೇಪಿಸುವುದು ಕಷ್ಟ. ಐದೆಕರೆ, ಹತ್ತೆಕರೆಯ ಅಂಕಿಗಳಿಗೆ ಮಾತ್ರ ಯಾವ ಆರೋಗ್ಯಶಾಸ್ತ್ರದ ಬೆಂಬಲವೂ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ನಿವೇಶನವು ಹುಲ್ಲು ಕತ್ತರಿಸುವವನಿಗೆ ಅತಿ ದೊಡ್ಡದು, ಉಳುವವನಿಗೆ ಅತಿ ಚಿಕ್ಕದೆಂದು ಅಲ್ಲಿಯ ಯೋಜನಾಧಿಕಾರಿಗಳಲ್ಲಿ ಒಂದು ನಾಣ್ಣುಡಿಯೇ ಇದೆ. ಒಂದು ಕುದುರೆ, ನಾಲ್ಕು ಮರ, ಉಳಿದುದೆಲ್ಲ ಕಳೆ. ರೈತನ ಟ್ರಾಕ್ಟರಿಗೆ ದಾರಿಯಿಲ್ಲ, ಗೊಬ್ಬರದ ವಾಸನೆಯ ಬಗ್ಗೆ ದೂರು ಕೊಡಲು ನೆರೆಮನೆಯೊಂದು ಹೊಸದಾಗಿ ಬಂದಿರುತ್ತದೆ.

ಈ ಭೇದವನ್ನು ಚೆನ್ನಾಗಿ ತಿಳಿದು ನಡೆದ ಕೌಂಟಿ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ. ರಾಜಧಾನಿ ವಾಷಿಂಗ್ಟನ್ನಿನ ಮಗ್ಗುಲಿನಲ್ಲಿದ್ದು, ಇಂದು ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯುಳ್ಳ ಈ ಕೌಂಟಿಯು 1970ರ ದಶಕದ ಮೊದಲ ಭಾಗದಲ್ಲಿ ತನ್ನ ಉತ್ತರದ ಹೊಲಗದ್ದೆಗಳನ್ನು ಐದೆಕರೆಗೊಂದು ಮನೆಯೆಂಬ ನಿಯಮದಿಂದ ಕಾಪಾಡಲು ಯತ್ನಿಸಿ, ಹೊಲಗಳು ಐದೈದು ಎಕರೆಯ ಬಂಗಲೆಗಳಾಗಿ ಕರಗುವುದನ್ನು ಕಣ್ಣಾರೆ ಕಂಡಿತು. 1980ರಲ್ಲಿ ಅದು ಸುಮಾರು 93,000 ಎಕರೆಯನ್ನು, ಎಂದರೆ ತನ್ನ ನೆಲದ ಮೂರನೆಯ ಒಂದು ಭಾಗದಷ್ಟನ್ನು, ವ್ಯವಸಾಯದ ಮೀಸಲೆಂದು ಘೋಷಿಸಿ ಇಪ್ಪತ್ತೈದು ಎಕರೆಗೊಂದೇ ಮನೆಯೆಂದು ಸಾಂದ್ರತೆಯನ್ನು ಇಳಿಸಿತು. ಮನೆಯ ನಿವೇಶನವೂ ಇಪ್ಪತ್ತೈದು ಎಕರೆ ಇರಬೇಕೆಂದು ಮಾತ್ರ ಹೇಳಲಿಲ್ಲ. 40,000 ಚದರ ಅಡಿ, ಒಂದೆಕರೆಗೂ ಕಡಮೆ, ಸಾಕು. ರೈತನು ಕಳೆದುಕೊಂಡ ಬೆಲೆಗೆ ಪ್ರತಿಯಾಗಿ ಅವನಿಗೆ ಹಿಂದಿನ ನಿಯಮದಂತೆ ಐದೆಕರೆಗೊಂದರಂತೆ ಕಟ್ಟಡದ ಹಕ್ಕುಗಳನ್ನು ಕೊಟ್ಟು, ಅವುಗಳನ್ನು ಕೌಂಟಿಯ ದಕ್ಷಿಣದ ಗೊತ್ತಾದ ವಸತಿ ವಲಯಗಳಲ್ಲಿ ಹೆಚ್ಚು ಮನೆ ಕಟ್ಟಬಯಸುವವರಿಗೆ ಮಾರಿಕೊಳ್ಳಲು ಅವಕಾಶಮಾಡಿತು. ಬೆಂಗಳೂರಿನ ರಸ್ತೆ ಅಗಲೀಕರಣದ ಪ್ರಸಂಗದಲ್ಲಿ ‘ಟಿ.ಡಿ.ಆರ್.’ ಎಂಬ ಮೂರಕ್ಷರವನ್ನು ಕೇಳಿದವರಿಗೆ ಈ ವಿಧಾನ ಹೊಸತಲ್ಲ. ಬೆಂಗಳೂರಿನಲ್ಲಿ ಅದು ಬಿಟ್ಟುಕೊಟ್ಟ ನೆಲಕ್ಕೆ ಪರಿಹಾರ, ಮಾಂಟ್ಗೊಮರಿಯಲ್ಲಿ ಕಟ್ಟದೆ ಉಳಿಸಿದ ನೆಲಕ್ಕೆ ಪರಿಹಾರ. ನಲವತ್ತು ವರ್ಷ ಕಳೆದ ಮೇಲೂ ಆ ಮೀಸಲು ಮೀಸಲಾಗಿಯೇ ಇದೆಯೆಂಬುದು ದೊಡ್ಡ ಮಾತು. ಆದರೆ ದಕ್ಷಿಣದ ನಿವಾಸಿಗಳು ತಮ್ಮ ಬೀದಿಗೆ ಹೆಚ್ಚು ಮನೆ ಬರುವುದನ್ನು ವಿರೋಧಿಸಿದಾಗಲೆಲ್ಲ ಹಕ್ಕುಗಳಿಗೆ ಗಿರಾಕಿ ಕಡಮೆಯಾಗುತ್ತಾನೆ. ಹೊಲದ ರಕ್ಷಣೆ ನಗರದ ಔದಾರ್ಯವನ್ನು ಅವಲಂಬಿಸಿದೆಯೆಂಬುದು ಈ ಯೋಜನೆಯ ಒಳಗಿರುವ ಬಿಗಿ.

ಕ್ಯಾಲಿಫೋರ್ನಿಯದ ಮರೀನ್ ಕೌಂಟಿ ಇದೇ ಉದ್ದೇಶಕ್ಕೆ ಬೇರೆ ದಾರಿ ಹಿಡಿಯಿತು. ಪಶ್ಚಿಮ ಮರೀನಿನ ಹಾಲಿನ ಗುಡ್ಡಗಳಲ್ಲಿ ಹೆದ್ದಾರಿಯೂ ನಗರವೂ ಏಳುವ ಯೋಜನೆಗಳಿದ್ದಾಗ, 1970ರ ದಶಕದ ಆರಂಭದಲ್ಲಿ ಕೌಂಟಿಯು ಅವುಗಳನ್ನು ಬದಿಗೊತ್ತಿ ಅರವತ್ತು ಎಕರೆಗೊಂದು ಮನೆಯೆಂದು ವಿಧಿಸಿತು. 1980ರಲ್ಲಿ ಸ್ಥಾಪಿತವಾದ ಮರೀನ್ ವ್ಯವಸಾಯ ಭೂಮಿ ನ್ಯಾಸವು ರೈತರಿಂದ ಕಟ್ಟಡದ ಹಕ್ಕನ್ನು ಹಣಕೊಟ್ಟು ಕೊಂಡು ಶಾಶ್ವತವಾಗಿ ಇಲ್ಲವಾಗಿಸುತ್ತ ಬಂದಿತು. ಹಸುಗಳು ಉಳಿದವು. ಆ ಹಸುಗಳ ಹಾಲು ಕರೆಯುವವರು ಅಲ್ಲಿಯೇ ಬಾಡಿಗೆಗೆ ಮನೆ ಹಿಡಿಯಲಾರದಂಥ ಬೆಲೆಯೂ ಬಂದಿತು. ಏಕೆಂದರೆ ಕೌಂಟಿಯ ಪೂರ್ವಭಾಗದ ಪಟ್ಟಣಗಳು ಹೆಚ್ಚು ಮನೆಗಳಿಗೆ ಬಾಗಿಲು ತೆರೆಯಲಿಲ್ಲ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆಯದಿದ್ದರೆ ಏನಾಗುತ್ತದೆಂಬುದಕ್ಕೆ ಮರೀನಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಒರೆಗಾನ್ ರಾಜ್ಯವು ಟಾಮ್ ಮೆಕಾಲ್ ರಾಜ್ಯಪಾಲರಾಗಿದ್ದಾಗ, 1973ರಲ್ಲಿ, ಪ್ರತಿಯೊಂದು ನಗರದ ಸುತ್ತಲೂ ಬೆಳವಣಿಗೆಯ ಎಲ್ಲೆಯನ್ನು ಎಳೆಯತಕ್ಕದ್ದೆಂದು ವಿಧಿಸಿ ಎರಡನ್ನೂ ಜೊತೆಯಾಗಿ ಮಾಡಹೊರಟಿತು. ಎಲ್ಲೆಯ ಹೊರಗೆ ಬೇಸಾಯದ ಹಿಡುವಳಿಗೆ 80 ಎಕರೆ, ಹುಲ್ಲುಗಾವಲಿಗೆ 160 ಎಕರೆ ಕನಿಷ್ಠವೆಂಬುದು 1993ರ ಶಾಸನ. ಜಮೀನಿನ ಒಡೆಯರ ಅಸಮಾಧಾನ ಹೊಗೆಯಾಡುತ್ತಲೇ ಇದ್ದು, 2004ರ ಜನಮತವು ಒಂದೋ ನಷ್ಟ ತುಂಬಿಕೊಡಿ, ಇಲ್ಲವೇ ನಿಯಮವನ್ನು ಬಿಟ್ಟುಕೊಡಿ ಎಂದಿತು. 2007ರ ಇನ್ನೊಂದು ಜನಮತವು ಅದರ ಹಲ್ಲನ್ನು ಬಹುಮಟ್ಟಿಗೆ ಕಿತ್ತಿತು. ಪ್ರಜೆಗಳ ಮನಸ್ಸೇ ಈ ವಿಷಯದಲ್ಲಿ ಎರಡಾಗಿದೆಯೆಂಬುದಕ್ಕೆ ಈ ಮೂರು ವರ್ಷಗಳ ತಿರುವೇ ಸಾಕ್ಷಿ.

ವರ್ಜೀನಿಯದ ಲೌಡನ್ ಕೌಂಟಿಯ ಅನುಭವ ಇನ್ನೊಂದು ತೆರನಾದುದು. ಅದರ ಪೂರ್ವಾರ್ಧ, ಆಶ್‌ಬರ್ನ್ ಮೊದಲಾದ ಕಡೆ, ತಂತ್ರಜ್ಞಾನದ ಉದ್ಯೋಗಕ್ಕೆ ಹೋದ ಭಾರತೀಯರೂ ಅವರೊಡನೆ ಕನ್ನಡಿಗ ಸಂಸಾರಗಳೂ ಸಾಲುಮನೆಗಳಲ್ಲಿ ನೆಲಸಿರುವ ಪ್ರದೇಶ. ಪಶ್ಚಿಮಾರ್ಧ ಕಲ್ಲಿನ ಬೇಲಿಗಳ, ಕುದುರೆಗಳ, ದ್ರಾಕ್ಷಿತೋಟಗಳ ನಾಡು. ಮೂರೆಕರೆಗೊಂದು ಮನೆಯಿದ್ದ ಪಶ್ಚಿಮವನ್ನು 2003ರಲ್ಲಿ ಹತ್ತು, ಇಪ್ಪತ್ತು, ಐವತ್ತು ಎಕರೆಗೊಂದರಂತೆ ಬಿಗಿಮಾಡಿದ ಮಂಡಲಿಯ ನಿರ್ಧಾರವನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಅನೂರ್ಜಿತಗೊಳಿಸಿತು. ನಿಯಮ ಅನ್ಯಾಯವೆಂದಲ್ಲ, ಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆ ಸಾಲದೆಂದು. ಮರುವರ್ಷ ಬಂದ ನಿಯಮ ಅಷ್ಟು ಕಠಿಣವಾಗಿರಲಿಲ್ಲ, ಮನೆಗಳನ್ನು ಗುಂಪಾಗಿ ಕಟ್ಟಿದವನಿಗೆ ಹೆಚ್ಚು ಮನೆಗಳ ಆಸೆ ತೋರಿಸಿತು.

ಇಷ್ಟು ಹೊತ್ತು ಹೊಲವನ್ನೂ ನೀರನ್ನೂ ಕುರಿತು ಹೇಳಿದ್ದಾಯಿತು. ಮೂರನೆಯ ಉದ್ದೇಶ ಮರೆಮಾಚಿಕೊಂಡು ನಡೆಯುವಂಥದು. ಶಾಲೆಯ ವೆಚ್ಚವನ್ನು ಆಸ್ತಿತೆರಿಗೆ ಹೊರುವ ದೇಶದಲ್ಲಿ, ಚಿಕ್ಕ ಮನೆಯಲ್ಲಿ ಮೂವರು ಮಕ್ಕಳೊಡನೆ ಬರುವ ಸಂಸಾರ ಬೊಕ್ಕಸಕ್ಕೆ ನಷ್ಟ, ನಾಲ್ಕೆಕರೆಯ ಮನೆಯ ವೃದ್ಧ ದಂಪತಿ ಲಾಭ. ಈ ಲೆಕ್ಕ ಹಾಕದ ಮಂಡಲಿಯಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಮಂಡಲಿಯೂ ಇಲ್ಲ, ಊರಿನ ಸ್ವರೂಪ ಎಂಬ ಮಾತನ್ನು ಮುಂದಿಡುತ್ತವೆ. ಪೆನ್ಸಿಲ್ವೇನಿಯದ ಸರ್ವೋಚ್ಚ ನ್ಯಾಯಾಲಯವು 1965ರಲ್ಲಿ ಈಸ್ಟ್‌ಟೌನ್ ಎಂಬ ಊರಿನ ನಾಲ್ಕೆಕರೆಯ ಕನಿಷ್ಠ ನಿಯಮವನ್ನು ತಳ್ಳಿಹಾಕಿ, ಬರುವವರನ್ನು ಬಾರದಂತೆ ತಡೆಯುವುದೇ ನಿಯಮದ ಗುರಿಯಾಗಲಾರದೆಂದು ತಿಳಿಸಿತು. ನ್ಯೂಜೆರ್ಸಿಯ ಬರ್ಲಿಂಗ್ಟನ್ ಕೌಂಟಿಯ ಮೌಂಟ್ ಲಾರೆಲ್‌ನಲ್ಲಿ ತಲೆತಲಾಂತರದಿಂದ ಬಾಳಿದ್ದ ಕರಿಯ ಸಂಸಾರಗಳು ತಮಗಾಗಿ 36 ಮನೆಗಳ ಕಟ್ಟಡವೊಂದನ್ನು ಕಟ್ಟಲು ಅನುಮತಿ ಕೇಳಿ ನಿರಾಕೃತರಾದದ್ದರಿಂದ ಹುಟ್ಟಿದ ವ್ಯಾಜ್ಯದಲ್ಲಿ, ಬೆಳೆಯುತ್ತಿರುವ ಪ್ರತಿಯೊಂದು ಊರೂ ತನ್ನ ಪ್ರದೇಶದ ಬಡವರ ವಸತಿಯಲ್ಲಿ ನ್ಯಾಯವಾದ ಪಾಲನ್ನು ಹೊರಬೇಕೆಂದು ರಾಜ್ಯ ನ್ಯಾಯಾಲಯ 1975ರಲ್ಲಿ ಸಾರಿತು. ಊರುಗಳು ಆ ಮಾತನ್ನು ಕೇಳಿಯೂ ಕೇಳದವರಂತಿದ್ದುದರಿಂದ 1983ರಲ್ಲಿ ಅದೇ ನ್ಯಾಯಾಲಯ ಇನ್ನೂ ಗಡುಸಾಗಿ ಮಾತನಾಡಬೇಕಾಯಿತು. ಆಗ ಶಾಸನಸಭೆ ಎಚ್ಚೆತ್ತು 1985ರಲ್ಲಿ ಕಾನೂನು ಮಾಡಿತು.

ಮನೆಗಳನ್ನು ಎಣಿಸಿದ ಮೇಲೆ ಮನೆಯೊಳಗಿನವರನ್ನು ಎಣಿಸುವುದಕ್ಕೆ ದೂರವೇನು? ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಗ್ರಾಮವು ರಕ್ತಸಂಬಂಧವಿಲ್ಲದ ಇಬ್ಬರಿಗಿಂತ ಹೆಚ್ಚು ಜನ ಒಂದು ಮನೆಯಲ್ಲಿರಕೂಡದೆಂದು ವಿಧಿಸಿದ್ದನ್ನು, ಆರು ಮಂದಿ ವಿದ್ಯಾರ್ಥಿಗಳು ಒಟ್ಟಿಗಿದ್ದ ಮನೆಯೊಂದರ ಪ್ರಕರಣದಲ್ಲಿ, ದೇಶದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಒಪ್ಪಿತು. ಮೂರು ವರ್ಷದ ತರುವಾಯ ಬಂದ ಮೊಕದ್ದಮೆ, ಕೂಡುಕುಟುಂಬವನ್ನು ಕಂಡ ನಮ್ಮಂಥವರಿಗೆ ಅರಗಿಸಿಕೊಳ್ಳಲು ಕಷ್ಟವಾದದ್ದು. ಮೊದಲು ಹೇಳಿದ ಯೂಕ್ಲಿಡ್ ಇರುವ ಕಯಾಹೋಗ ಕೌಂಟಿಯಲ್ಲಿಯೇ, ಈಸ್ಟ್ ಕ್ಲೀವ್‌ಲೆಂಡ್ ಎಂಬ ಊರಿನಲ್ಲಿ, ಮೂರ್ ಎಂಬ ಅಜ್ಜಿಯೊಬ್ಬರು ತಮ್ಮ ಮಗನನ್ನೂ ಇಬ್ಬರು ಮೊಮ್ಮಕ್ಕಳನ್ನೂ ಮನೆಯಲ್ಲಿಟ್ಟುಕೊಂಡಿದ್ದರು. ಮೊಮ್ಮಕ್ಕಳಿಬ್ಬರು ಒಬ್ಬನೇ ಮಗನ ಮಕ್ಕಳಾಗಿದ್ದರೆ ನಿಯಮಕ್ಕೆ ಅಡ್ಡಿಯಿರಲಿಲ್ಲ. ಅವರು ಬೇರೆಬೇರೆ ಮಕ್ಕಳ ಮಕ್ಕಳು, ಎಂದರೆ ದಾಯಾದಿ ಸೋದರರು. ಆದುದರಿಂದ ಅದು ಒಂದು ಕುಟುಂಬವಲ್ಲವೆಂದು ಅಜ್ಜಿಗೆ ಐದು ದಿನದ ಸೆರೆ, ಇಪ್ಪತ್ತೈದು ಡಾಲರ್ ದಂಡ. ಸರ್ವೋಚ್ಚ ನ್ಯಾಯಾಲಯ ಈ ನಿಯಮವನ್ನು 1977ರಲ್ಲಿ ಅಸಿಂಧುವೆಂದಿತು, ಅದೂ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತು. ವರ್ಜೀನಿಯದ ಕಾನೂನು ಇದಕ್ಕಿಂತ ಮಾನವೀಯ: ಜಮೀನಿನ ಒಡೆಯನು ತನ್ನ ಹತ್ತಿರದ ಬಂಧುವಿಗೆ, ಒಬ್ಬೊಬ್ಬರಿಗೆ ಒಮ್ಮೆ ಮಾತ್ರ, ನಿವೇಶನವನ್ನು ಪಾಲುಮಾಡಿಕೊಡಲು ಕೌಂಟಿಗಳು ಎಡೆಗೊಡಬೇಕೆಂದು ಅದು ವಿಧಿಸುತ್ತದೆ, ಆದರೆ ಅದು ನಿಯಮವನ್ನು ತಪ್ಪಿಸಿಕೊಳ್ಳುವ ಉಪಾಯವಾಗಕೂಡದು. ಮಾಂಟ್ಗೊಮರಿಯ ಮೀಸಲಿನಲ್ಲಿಯೂ ಹಳೆಯ ರೈತರಿಗೆ ‘ಮಕ್ಕಳ ನಿವೇಶನ’ವೆಂಬ ರಿಯಾಯಿತಿ ಉಂಟು; ಮಕ್ಕಳ ಹೆಸರಿನಲ್ಲಿ ಪಡೆದ ನಿವೇಶನ ಮಾರಾಟಕ್ಕೆ ಹೊರಟಿತೆಂಬ ಜಗಳಗಳೂ ಉಂಟು. ಹಿಸ್ಸೆಯ ವ್ಯವಹಾರವನ್ನು ಬಲ್ಲ ನಮ್ಮ ಗ್ರಾಮಲೆಕ್ಕಿಗರು ಈ ಜಗಳಗಳನ್ನು ಒಂದು ನಿಮಿಷದಲ್ಲಿ ಅರ್ಥಮಾಡಿಕೊಂಡಾರು.

ತುಂಡುಮಾಡುವುದನ್ನು ತಡೆಯುವ ನಿಯಮವೇ ಒಮ್ಮೊಮ್ಮೆ ತುಂಡುಗಳನ್ನು ಬಲವಂತವಾಗಿ ಕೂಡಿಸುತ್ತದೆ. ವಿಸ್ಕಾನ್ಸಿನ್ನಿನ ಸೇಂಟ್ ಕ್ರಾಯ್ ಕೌಂಟಿಯಲ್ಲಿ, ನದಿಯ ದಡದ ಮೇಲೆ, ಮರ್ ಎಂಬ ಮನೆತನದ ತಂದೆತಾಯಿಗಳು 1960ರಲ್ಲಿ ಒಂದು ನಿವೇಶನವನ್ನೂ 1963ರಲ್ಲಿ ಪಕ್ಕದ್ದನ್ನೂ ಕೊಂಡಿದ್ದರು. ನದೀತೀರದ ಸೊಬಗನ್ನು ಕಾಪಾಡಲು ಆಮೇಲೆ ಬಂದ ನಿಯಮವು ಕಟ್ಟಲು ಯೋಗ್ಯವಾದ ನೆಲ ಒಂದೆಕರೆಯಾದರೂ ಇರಬೇಕೆಂದಿತು. ಅಷ್ಟಿಲ್ಲದ ಹಳೆಯ ನಿವೇಶನಕ್ಕೆ ವಿನಾಯಿತಿ ಉಂಟು, ಆದರೆ ಪಕ್ಕಪಕ್ಕದ ಎರಡು ಅಂಥ ನಿವೇಶನ ಒಂದೇ ಒಡೆತನಕ್ಕೆ ಬಂದರೆ ಅವು ಕೂಡಿ ಒಂದಾಗುವುವು. 1994ರಲ್ಲಿಯೂ 1995ರಲ್ಲಿಯೂ ಎರಡೂ ಮಕ್ಕಳ ಹೆಸರಿಗೆ ಬಂದುವು, ಬಂದಕೂಡಲೆ ಒಂದಾದುವು. ಎರಡನ್ನೂ ಕೂಡಿಸಿದರೂ ಕಟ್ಟಲು ಯೋಗ್ಯವಾದ ನೆಲ 0.98 ಎಕರೆ! ಒಂದನ್ನು ಮಾರಿ ಇನ್ನೊಂದರಲ್ಲಿದ್ದ ಹಳೆಯ ಮನೆಯನ್ನು ಸರಿಪಡಿಸಿಕೊಳ್ಳೋಣವೆಂದುಕೊಂಡ ಮಕ್ಕಳಿಗೆ ಮಾರುವ ಹಕ್ಕೇ ಇಲ್ಲವಾಯಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ಮೂರರ ಬಹುಮತದಿಂದ ಕೌಂಟಿಯ ಪರವಾಗಿ ತೀರ್ಪಿತ್ತಿತು: ಎರಡನ್ನೂ ಒಂದೇ ಸ್ವತ್ತೆಂದು ಎಣಿಸುವುದು ಯುಕ್ತ, ಒಟ್ಟು ಬೆಲೆಯಲ್ಲಿ ಆದ ಇಳಿತ ನೂರಕ್ಕೆ ಹತ್ತಕ್ಕೂ ಕಡಮೆ, ಆದುದರಿಂದ ಪರಿಹಾರ ಸಲ್ಲದು. ತೀರ್ಪಿನ ತರ್ಕದಲ್ಲಿ ದೋಷ ಕಾಣುವುದಿಲ್ಲ. ಆದರೂ ಬೇರೆಬೇರೆ ಕ್ರಯಪತ್ರಗಳಿಂದ ಕೊಂಡ, ಬೇರೆಬೇರೆಯಾಗಿ ತೆರಿಗೆ ಕಟ್ಟಿದ ನೆಲ ಉತ್ತರಾಧಿಕಾರದ ಒಂದು ಸಹಿಯಿಂದ ಕರಗಿಹೋಗುವುದನ್ನು ಸಾಮಾನ್ಯ ಮನುಷ್ಯ ನ್ಯಾಯವೆಂದು ಒಪ್ಪಲಾರ. ವಿಸ್ಕಾನ್ಸಿನ್ನಿನ ಶಾಸನಸಭೆಯೂ ಒಪ್ಪದೆ, ಅದೇ ವರ್ಷ, ಇಂಥ ಬಲವಂತದ ಜೋಡಣೆಯನ್ನು ನಿರ್ಬಂಧಿಸಿ ಕಾನೂನು ಮಾಡಿತು.

ಈಚಿನ ವರ್ಷಗಳಲ್ಲಿ ಗಾಳಿ ತಿರುಗಿದೆ. ಮನೆಯ ಬೆಲೆ ಮಧ್ಯಮವರ್ಗದ ಕೈಗೂ ನಿಲುಕದಂತಾದ ಮೇಲೆ, ಸ್ಥಳೀಯ ಮಂಡಲಿಗಳ ಅಧಿಕಾರವನ್ನು ರಾಜ್ಯಗಳು ಮೊಟಕುಗೊಳಿಸಲಾರಂಭಿಸಿವೆ. ಮಿನಿಯಾಪೊಲಿಸ್ ನಗರವು 2018ರಲ್ಲಿ ಒಂಟಿಮನೆಗೆಂದೇ ಮೀಸಲಾದ ವಲಯಗಳನ್ನು ಕೈಬಿಡುವ ಯೋಜನೆಯನ್ನು ಅಂಗೀಕರಿಸಿತು; ಒರೆಗಾನ್ 2019ರಲ್ಲಿ ನಗರಗಳಿಗೆ ಅಂಥದೇ ವಿಧಿಯನ್ನು ಹೇರಿತು. ವಲಯ ನಿಯಮವೇ ಇಲ್ಲದ ನಗರವೆಂದು ಹೆಸರಾದ ಹ್ಯೂಸ್ಟನ್‌ನಲ್ಲಿಯೂ ನಿವೇಶನದ ಕನಿಷ್ಠ ಅಳತೆಯ ಕಟ್ಟಳೆ ಇದ್ದಿತೆಂಬುದು ಗಮನಾರ್ಹ. 1998ರಲ್ಲಿ ಆ ನಗರವು ತನ್ನ ಒಳವರ್ತುಲದಲ್ಲಿ ಅದನ್ನು 5,000ದಿಂದ 1,400 ಚದರ ಅಡಿಗೆ ಇಳಿಸಿದ ಮೇಲೆ ಒಂದು ಹಳೆಯ ಮನೆಯಿದ್ದ ಜಾಗದಲ್ಲಿ ಮೂರು ನಾಲ್ಕು ಎತ್ತರದ ಸಣ್ಣ ಮನೆಗಳು ಬೀದಿಬೀದಿಯಲ್ಲಿ ಎದ್ದವು, 2013ರಲ್ಲಿ ಅದೇ ಅನುಮತಿ ನಗರದ ಉಳಿದ ಭಾಗಕ್ಕೂ ವಿಸ್ತರಿಸಿತು. ಕ್ಯಾಲಿಫೋರ್ನಿಯವು 2021ರಲ್ಲಿ ಮಾಡಿದ ಕಾನೂನು ಒಂಟಿಮನೆಯ ನಿವೇಶನವನ್ನು ಎರಡಾಗಿ ಒಡೆಯಲು ಒಡೆಯನಿಗೆ ಹಕ್ಕು ಕೊಟ್ಟಿತು. ಒಡೆದ ಯಾವ ತುಂಡೂ 1,200 ಚದರ ಅಡಿಗೆ ಕಡಮೆಯಿರಕೂಡದು. ಬೆಂಗಳೂರಿನ ಮೂವತ್ತು-ನಲವತ್ತರ ಸೈಟು ಕರಾರುವಾಕ್ಕಾಗಿ ಅಷ್ಟೇ. ನಮ್ಮಲ್ಲಿ ಒಂದು ಸಂಸಾರದ ಜೀವಮಾನದ ಕನಸಾಗಿರುವ ಅಳತೆ ಅಲ್ಲಿ ಕನಿಷ್ಠದ ಕಡೆಯ ಮೆಟ್ಟಿಲು.

ಆದರೆ ಈ ಸುಧಾರಣೆಗಳೆಲ್ಲ ಬಹುಮಟ್ಟಿಗೆ ನಗರದ ಒಳಗಿನವು. ಕ್ಯಾಲಿಫೋರ್ನಿಯದ ಕಾನೂನು ಕೌಂಟಿಯ ನೆಲಕ್ಕೆ ಅನ್ವಯಿಸುವುದು ಅದು ನಗರಪ್ರಾಯವಾಗಿದ್ದರೆ ಮಾತ್ರ. ಉತ್ತಮ ಬೇಸಾಯದ ನೆಲವನ್ನು ಅದು ಹೊರಗಿಟ್ಟಿದೆ, ಅದು ಸರಿಯೂ ಹೌದು. ಒಂದು ಕಡೆ ಒತ್ತಾಗಿ ಬೆಳೆಯಬೇಕಾದ ನಗರಕ್ಕೂ, ಇನ್ನೊಂದು ಕಡೆ ಇಡಿಯಾಗಿ ಉಳಿಯಬೇಕಾದ ಹೊಲಕ್ಕೂ ಮದ್ದು ದೊರೆತಿದೆಯೆನ್ನೋಣ. ಇವೆರಡರ ನಡುವೆ, ಕಳೆದ ಅರ್ಧ ಶತಮಾನದಲ್ಲಿ ಎರಡೆಕರೆಯಿಂದ ಹತ್ತೆಕರೆಯ ತನಕ ಹರಿದು ಹಂಚಿಹೋದ ವಿಸ್ತಾರವಾದ ಪಟ್ಟಿಗೆ ಮಾತ್ರ ಯಾರೂ ಚಿಕಿತ್ಸೆ ಹೇಳಿಲ್ಲ. ಅಲ್ಲಿಗೆ ಒಳಚರಂಡಿ ಒಯ್ಯುವುದು ದುಬಾರಿ, ಬಸ್ಸು ಓಡಿಸುವುದು ವ್ಯರ್ಥ, ಮತ್ತೆ ಉಳುವುದು ಅಸಾಧ್ಯ. ಒಂದು ಹಿಡುವಳಿಯಾಗಿ ಕೂಡಿಸಬೇಕೆಂದರೆ ಐವತ್ತು ಕ್ರಯಪತ್ರ, ಐವತ್ತು ಮನಸ್ಸು. ಸಾಂದ್ರತೆಯನ್ನು ಏರಿಸುವ ಪ್ರಸ್ತಾಪ ಬಂದರೂ ಇಳಿಸುವ ಪ್ರಸ್ತಾಪ ಬಂದರೂ ಸಭೆಗೆ ಮೊದಲು ಬಂದು ಕೂರುವವರು ಅಲ್ಲಿಯ ನಿವಾಸಿಗಳೇ. ಐದೆಕರೆಯೆಂಬ ಅಂಕಿಯನ್ನು ಅವರು ಕೌಂಟಿಯು ತಮಗೆ ಕೊಟ್ಟ ವಚನವೆಂದು ತಿಳಿದು ಹಣ ಸುರಿದಿದ್ದಾರೆ, ಮತ್ತು ಮಂಡಲಿಯನ್ನು ಆರಿಸುವ ಮತವೂ ಅವರ ಕೈಯಲ್ಲಿದೆ.